ಡೆಡ್‌ವುಡ್: ಕಾನೂನಿಲ್ಲದ ಕಡೆ ಊರು ಕಟ್ಟಿದವರ ಕಥೆ



ನಮ್ಮ ಬಳಗದ ಅಧ್ಯಯನದ ಅಂಕಣಕ್ಕೆ ಈ ತಿಂಗಳು ಬರೆಯುವ ಸರದಿ ನನ್ನದು. ವಚನಗಳ ಬಗ್ಗೆ ಬರೆಯಲೇ, ಹಳಗನ್ನಡದ ಬಗ್ಗೆ ಬರೆಯಲೇ ಎಂದು ಯೋಚಿಸಿ, ಕೊನೆಗೆ ಒಂದು ಟೀವಿ ಧಾರಾವಾಹಿಯನ್ನು ಆರಿಸಿಕೊಂಡಿದ್ದೇನೆ. ಅದೂ ಕೌಬಾಯ್ ಧಾರಾವಾಹಿ! ಹುಬ್ಬೇರಿಸಬೇಡಿ. ಪೂರ್ತಿ ಓದಿದ ಮೇಲೆ ಬೇಕಾದರೆ ಮುಂದಿನ ಸಭೆಯಲ್ಲಿ ಜಗಳ ತೆಗೆಯಿರಿ. ಕಾಫಿ ಖರ್ಚು ನನ್ನದು.

ಎಲ್ಲ ಶುರುವಾದದ್ದು 2014ರ ಬೇಸಿಗೆಯಲ್ಲಿ. ನಮ್ಮ ಮಿನೆಸೋಟದ ಕಡೆಯ ಎಲ್ಲ ದೇಸಿ ಸಂಸಾರಗಳಂತೆ ನಾವೂ ವ್ಯಾನಿನ ತುಂಬ ಪುಳಿಯೋಗರೆ, ಚಕ್ಕುಲಿ, ಮೊಸರಿನ ಡಬ್ಬ ತುಂಬಿಕೊಂಡು ಮೌಂಟ್ ರಶ್‌ಮೋರ್ ನೋಡಲು ಹೊರಟೆವು. ದಾರಿಯುದ್ದಕ್ಕೂ ವಾಲ್ ಡ್ರಗ್ ಅಂಗಡಿಯ ಬೋರ್ಡುಗಳನ್ನು ಎಣಿಸುತ್ತಾ ಸೌತ್ ಡಕೋಟ ದಾಟಿದ್ದಾಯಿತು. ನಾಲ್ವರು ಅಧ್ಯಕ್ಷರ ಮುಖ ನೋಡಿ, ಫೋಟೋ ತೆಗೆಸಿಕೊಂಡು ಮುಗಿದ ಮೇಲೆ, ಒಂದು ಗಂಟೆಯ ದಾರಿಯಷ್ಟೇ ಅಲ್ಲವೇ ಎಂದು ಡೆಡ್‌ವುಡ್ ಎಂಬ ಹಳೆಯ ಊರಿಗೂ ಹೋದೆವು. ಅಲ್ಲಿ ಬೇಸಿಗೆಯಲ್ಲಿ ಪ್ರವಾಸಿಗರಿಗಾಗಿ ಒಂದು ನಾಟಕ ಆಡುತ್ತಾರೆ. 1876ರಲ್ಲಿ ಜ್ಯಾಕ್ ಮೆಕಾಲ್ ಎಂಬುವನು ವೈಲ್ಡ್ ಬಿಲ್ ಹಿಕಾಕ್ ಎಂಬ ಹೆಸರಾಂತ ಬಂದೂಕುಗಾರನನ್ನು ಹಿಂದಿನಿಂದ ಗುಂಡಿಟ್ಟು ಕೊಂದದ್ದು, ಊರಿನವರು ಅವನ ವಿಚಾರಣೆ ನಡೆಸಿದ್ದು, ಎಲ್ಲವೂ ಅದರಲ್ಲಿದೆ. ಜ್ಯೂರಿಯವರು "ನಿರಪರಾಧಿ" ಎಂದುಬಿಟ್ಟರು. ಆಗ ಒಂಬತ್ತು ವರ್ಷದವಳಾಗಿದ್ದ ನನ್ನ ಮಗಳು ಜೋರಾಗಿಯೇ ಕೇಳಿದಳು:

"ಅಪ್ಪಾ, ಎಲ್ಲರೂ ನೋಡಿದಾರಲ್ಲ, ಅವನೇ ಶೂಟ್ ಮಾಡಿದ್ದು. ಮತ್ತೆ ಯಾಕೆ ಬಿಟ್ಟರು?"

ನನಗೆ ಉತ್ತರ ಗೊತ್ತಿರಲಿಲ್ಲ. "ನಾಟಕ ಕಣಮ್ಮ" ಎಂದು ತೇಲಿಸಿಬಿಟ್ಟೆ. ಆ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿದ್ದು ಆ ಊರಿನ ಹೆಸರನ್ನೇ ಇಟ್ಟುಕೊಂಡ ಧಾರಾವಾಹಿಯನ್ನು ಪೂರ್ತಿ ನೋಡಿದಾಗ. ಇವತ್ತಿನ ಪಾಠ ಅದೇ.

ಮೊದಲೇ ಒಂದು ಎಚ್ಚರಿಕೆ: ಈ ಧಾರಾವಾಹಿಯಲ್ಲಿ ಬೈಗುಳ, ರಕ್ತ, ಸೂಳೆಗಾರಿಕೆ ಎಲ್ಲವೂ ಧಾರಾಳವಾಗಿದೆ. ದಯವಿಟ್ಟು ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು ನೋಡಬೇಡಿ. ಇದು ದೊಡ್ಡವರಿಗೆ, ಮತ್ತು ಕಾಲೇಜು ಮೆಟ್ಟಿಲು ಹತ್ತಿದ ಮಕ್ಕಳಿಗೆ. ಚಿಕ್ಕವರಿಗೆ ಕಥೆಯನ್ನು ನೀವೇ ಹೇಳಿ. ಅದೂ ಒಂದು ಪಾಠವೇ.

1. "ವೆಸ್ಟರ್ನ್" ಎಂದರೇನು?

ನಮ್ಮ ಪೀಳಿಗೆಯವರಿಗೆ ವೆಸ್ಟರ್ನ್ ಎಂದರೆ ಮೊದಲು ನೆನಪಾಗುವುದು "ಶೋಲೆ". 1975ರ ಆಗಸ್ಟ್ 15ರಂದು ತೆರೆಕಂಡ ಆ ಚಿತ್ರದ ರಾಮಗಢ ಇದ್ದದ್ದು ಉತ್ತರ ಭಾರತದಲ್ಲಲ್ಲ, ನಮ್ಮ ರಾಮನಗರದ ಬಂಡೆಗಳ ನಡುವೆ. ಬೆಂಗಳೂರು-ಮೈಸೂರು ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ "ಅಲ್ಲೇ ನೋಡು ಗಬ್ಬರ್ ಕೂತಿದ್ದ ಬಂಡೆ" ಎಂದು ತೋರಿಸದ ಕನ್ನಡಿಗ ಯಾರಿದ್ದಾರೆ ಹೇಳಿ! ಕುದುರೆ, ಬಂದೂಕು, ದರೋಡೆಕೋರ, ಪೊಲೀಸರಿಲ್ಲದ ಹಳ್ಳಿ, ಹೊರಗಿನಿಂದ ಬಂದು ಕಾಪಾಡುವ ಧೀರರು. ಇವೆಲ್ಲ ಅಮೆರಿಕದ ವೆಸ್ಟರ್ನ್‌ಗಳಿಂದ ಬಂದ ಸರಕು.

ಹಳೆಯ ವೆಸ್ಟರ್ನ್‌ನ ಲೆಕ್ಕ ಸರಳ. ಊರಿನಲ್ಲಿ ಅನ್ಯಾಯ ಇದೆ. ಒಬ್ಬ ವೀರ ಬರುತ್ತಾನೆ. ಕೆಟ್ಟವರನ್ನು ಕೊಲ್ಲುತ್ತಾನೆ. ಸೂರ್ಯ ಮುಳುಗುವ ಕಡೆಗೆ ಕುದುರೆ ಓಡಿಸಿಕೊಂಡು ಹೋಗುತ್ತಾನೆ. ಆದರೆ ಅವನು ಹೋದ ಮೇಲೆ ಮಾರನೆಯ ದಿನ ಊರಿನಲ್ಲಿ ಏನಾಯಿತು? ಚರಂಡಿ ಯಾರು ತೆಗೆಸಿದರು? ಸಿಡುಬು ಬಂದಾಗ ಆಸ್ಪತ್ರೆ ಯಾರು ಹಾಕಿದರು? ಕಂದಾಯ ಯಾರು ಕಟ್ಟಿದರು? ಈ ಪ್ರಶ್ನೆಗಳಿಗೆ ಹಳೆಯ ಸಿನಿಮಾಗಳಲ್ಲಿ ಹೆಚ್ಚು ಜಾಗವಿರುತ್ತಿರಲಿಲ್ಲ. "ಡೆಡ್‌ವುಡ್" ಪೂರ್ತಿ ನಿಂತಿರುವುದೇ ಇವುಗಳ ಮೇಲೆ.

2. ಧಾರಾವಾಹಿ ಹುಟ್ಟಿದ ಬಗೆ

"ಡೆಡ್‌ವುಡ್" ಎಚ್‌ಬಿಓ ವಾಹಿನಿಯಲ್ಲಿ 2004ರ ಮಾರ್ಚ್ 21ರಂದು ಶುರುವಾಗಿ 2006ರ ಆಗಸ್ಟ್ 27ಕ್ಕೆ ನಿಂತಿತು. ಮೂರು ಸೀಸನ್, ಒಟ್ಟು 36 ಕಂತು. ಮತ್ತೆ 2019ರ ಮೇ 31ರಂದು ಒಂದು ಚಲನಚಿತ್ರವಾಗಿ ಬಂದು ಮುಗಿಯಿತು.

ಇದರ ಕರ್ತೃ ಡೇವಿಡ್ ಮಿಲ್ಚ್. ಯೇಲ್ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಕಲಿಸಿದವರು. ಆಮೇಲೆ "ಹಿಲ್ ಸ್ಟ್ರೀಟ್ ಬ್ಲೂಸ್"ಗೆ ಬರೆದು, ಸ್ಟೀವನ್ ಬಾಚ್ಕೊ ಜೊತೆ ಸೇರಿ "ಎನ್‌ವೈಪಿಡಿ ಬ್ಲೂ" ಕಟ್ಟಿದವರು. ಅವರು ಎಚ್‌ಬಿಓ ಬಾಗಿಲಿಗೆ ಹೋದದ್ದು ಕೌಬಾಯ್ ಕಥೆ ಹಿಡಿದುಕೊಂಡಲ್ಲ. ನೀರೋ ಚಕ್ರವರ್ತಿಯ ಕಾಲದ ರೋಮ್ ನಗರದ ಪೊಲೀಸರ ಕಥೆ ಹೇಳುತ್ತೇನೆ, ಕಾನೂನು ಇಲ್ಲದ ಕಡೆ ವ್ಯವಸ್ಥೆ ಹೇಗೆ ಹುಟ್ಟುತ್ತದೆ ಎಂದು ತೋರಿಸುತ್ತೇನೆ ಎಂದರು. "ರೋಮ್ ಮೇಲೆ ನಮ್ಮಲ್ಲಿ ಆಗಲೇ ಒಂದು ಧಾರಾವಾಹಿ ತಯಾರಾಗುತ್ತಿದೆಯಲ್ಲ" ಎಂಬ ಉತ್ತರ ಬಂತು. ಮಿಲ್ಚ್ ಅದೇ ಪ್ರಶ್ನೆಯನ್ನು ಹಿಡಿದುಕೊಂಡು ಜಾಗ ಮಾತ್ರ ಬದಲಾಯಿಸಿದರು. ರೋಮ್ ಹೋಗಿ ಡೆಡ್‌ವುಡ್ ಬಂತು.

ಮೊದಲ ಕಂತನ್ನು ನಿರ್ದೇಶಿಸಿದ ವಾಲ್ಟರ್ ಹಿಲ್ ಅವರಿಗೆ ಆ ವರ್ಷದ ಎಮ್ಮಿ ಪ್ರಶಸ್ತಿ ಬಂತು. ಚಿತ್ರೀಕರಣ ನಡೆದದ್ದು ಕ್ಯಾಲಿಫೋರ್ನಿಯದ ಸಾಂಟಾ ಕ್ಲಾರಿಟದ ಮೆಲೊಡಿ ರಾಂಚ್‌ನಲ್ಲಿ. ಹಾಡುವ ಕೌಬಾಯ್ ಎಂದೇ ಹೆಸರಾದ ಜೀನ್ ಆಟ್ರಿ ಅವರ ಒಡೆತನದಲ್ಲಿದ್ದ ಜಾಗ ಅದು.

3. ಇತಿಹಾಸದ ಹಿನ್ನೆಲೆ

ಇದನ್ನು ತಿಳಿಯದಿದ್ದರೆ ಕಥೆಯ ಅರ್ಧ ಅರ್ಥವೇ ಆಗುವುದಿಲ್ಲ, ಸ್ವಲ್ಪ ಸಹಿಸಿಕೊಳ್ಳಿ.

1868ರಲ್ಲಿ ಅಮೆರಿಕ ಸರ್ಕಾರ ಮತ್ತು ಲಕೋಟ ಹಾಗೂ ಇತರ ಮೂಲನಿವಾಸಿ ಜನರ ನಡುವೆ ಫೋರ್ಟ್ ಲ್ಯಾರಮಿಯಲ್ಲಿ ಒಪ್ಪಂದವಾಯಿತು. ಬ್ಲ್ಯಾಕ್ ಹಿಲ್ಸ್ ಬೆಟ್ಟಗಳೂ ಸೇರಿದಂತೆ ದೊಡ್ಡ ಪ್ರದೇಶವನ್ನು ಅವರಿಗೇ ಬಿಟ್ಟುಕೊಡಲಾಯಿತು. ಈ ನೆಲವನ್ನು ಮುಂದೆ ಯಾರಿಗಾದರೂ ಬಿಟ್ಟುಕೊಡಬೇಕಾದರೆ ಅವರ ವಯಸ್ಕ ಗಂಡಸರಲ್ಲಿ ಮುಕ್ಕಾಲು ಪಾಲು ಜನರ ಸಹಿ ಬೇಕು ಎಂದೂ ಬರೆಯಲಾಯಿತು.

1874ರಲ್ಲಿ ಕಸ್ಟರ್ ಎಂಬ ಸೇನಾಧಿಕಾರಿ ಸುಮಾರು ಸಾವಿರ ಜನರನ್ನು ಕಟ್ಟಿಕೊಂಡು ಆ ಬೆಟ್ಟಗಳಿಗೆ ಹೋದ. ಚಿನ್ನ ಕಂಡಿತು. ಆಮೇಲೆ ಕೇಳಬೇಕೇ! ಜನ ಇರುವೆಗಳಂತೆ ಮುತ್ತಿದರು. 1876ರ ಜೂನ್ 25ರಂದು ಲಿಟಲ್ ಬಿಗ್‌ಹಾರ್ನ್ ಕಾಳಗದಲ್ಲಿ ಲಕೋಟ ಮತ್ತು ಅವರ ಮಿತ್ರರು ಕಸ್ಟರ್‌ನನ್ನು ಕೊಂದರು. ಡೆಡ್‌ವುಡ್ ಎಂಬ ಗುಡಾರಗಳ ಊರು ತಲೆಯೆತ್ತಿದ್ದು ಅದೇ 1876ರಲ್ಲಿ.

ಅಂದರೆ ಆ ಊರೇ ಒಂದು ಅತಿಕ್ರಮಣ. ಒಪ್ಪಂದದ ಪ್ರಕಾರ ಅಲ್ಲಿ ಒಬ್ಬ ಗಣಿಗಾರನೂ ಇರುವಂತಿರಲಿಲ್ಲ. ಆದ್ದರಿಂದಲೇ ಅಲ್ಲಿ ಕಾನೂನುಬದ್ಧ ನ್ಯಾಯಾಲಯವಿಲ್ಲ, ಪೊಲೀಸರಿಲ್ಲ, ಜಮೀನಿನ ಪತ್ರಕ್ಕೆ ಬೆಲೆಯಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಖಾತೆಯೇ ಇಲ್ಲದ ಊರು.

ಈಗ ಮಗಳ ಪ್ರಶ್ನೆಗೆ ಬನ್ನಿ. ಹಿಕಾಕ್ ಸತ್ತದ್ದು 1876ರ ಆಗಸ್ಟ್ 2ರಂದು, ಇಸ್ಪೀಟು ಆಡುತ್ತಾ ಕೂತಿದ್ದಾಗ. ಗಣಿಗಾರರೇ ಸೇರಿ ನಡೆಸಿದ ವಿಚಾರಣೆಯಲ್ಲಿ ಮೆಕಾಲ್, "ನನ್ನ ತಮ್ಮನನ್ನು ಹಿಕಾಕ್ ಕೊಂದಿದ್ದ, ಅದಕ್ಕೆ ಸೇಡು" ಎಂದ. ಬಿಡುಗಡೆಯಾಯಿತು. ಆದರೆ ಆಮೇಲೆ ಅವನನ್ನು ಮತ್ತೆ ಹಿಡಿದು ಡಕೋಟ ಪ್ರಾಂತ್ಯದ ರಾಜಧಾನಿ ಯ್ಯಾಂಕ್ಟನ್‌ನಲ್ಲಿ ವಿಚಾರಣೆ ಮಾಡಿ, 1877ರ ಮಾರ್ಚ್ 1ರಂದು ಗಲ್ಲಿಗೇರಿಸಿದರು. ಒಂದೇ ಅಪರಾಧಕ್ಕೆ ಎರಡು ಸಲ ವಿಚಾರಣೆ ಮಾಡಬಾರದು ಎಂಬುದು ಅಮೆರಿಕದ ಸಂವಿಧಾನದಲ್ಲೇ ಇದೆಯಲ್ಲ? ಇದೆ. ಆದರೆ ಡೆಡ್‌ವುಡ್ ಊರೇ ಅಕ್ರಮವಾಗಿದ್ದರಿಂದ ಅಲ್ಲಿಯ ವಿಚಾರಣೆ ವಿಚಾರಣೆಯೇ ಅಲ್ಲ, ಹಾಗಾಗಿ ಇದೇ ಮೊದಲನೆಯದು ಎಂದು ಲೆಕ್ಕ ಹಾಕಿದರು! ನಾಟಕಕ್ಕಿಂತ ನಿಜವೇ ವಿಚಿತ್ರ ಅಲ್ಲವೇ?

4. ಪಾತ್ರಗಳ ಒಡ್ಡೋಲಗ

ಯಕ್ಷಗಾನದಲ್ಲಿ ಕಥೆ ಶುರುವಾಗುವ ಮೊದಲು ಒಡ್ಡೋಲಗ ಇರುತ್ತದೆ. ವೇಷಗಳು ಒಬ್ಬೊಬ್ಬರಾಗಿ ಬಂದು ತಾವು ಯಾರೆಂದು ತೋರಿಸಿಕೊಳ್ಳುತ್ತಾರೆ. ಈ ಧಾರಾವಾಹಿಯ ಮೊದಲ ನಾಲ್ಕು ಕಂತು ಅಂಥ ಒಡ್ಡೋಲಗ. ತಾಳ್ಮೆ ಬೇಕು. ಪಾತ್ರಗಳು ಬಹಳ. ಆದ್ದರಿಂದ ಈ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ.

ಸೆತ್ ಬುಲಕ್ (ಟಿಮತಿ ಓಲಿಫಂಟ್): ಮೊಂಟಾನದಲ್ಲಿ ಮಾರ್ಷಲ್ ಆಗಿದ್ದು, ಆ ಕೆಲಸ ಸಾಕಾಗಿ ಹಾರ್ಡ್‌ವೇರ್ ಅಂಗಡಿ ಇಡಲು ಬಂದವನು. ಮೂಗಿನ ತುದಿಯಲ್ಲಿ ಕೋಪ. ಜೊತೆಗೆ ಪಾಲುದಾರ ಸೋಲ್ ಸ್ಟಾರ್ (ಜಾನ್ ಹಾಕ್ಸ್), ಶಾಂತ ಸ್ವಭಾವದ ಯಹೂದಿ ವ್ಯಾಪಾರಿ.

ಆಲ್ ಸ್ವೆರೆಂಜನ್ (ಇಯಾನ್ ಮೆಕ್‌ಶೇನ್): ಜೆಮ್ ಎಂಬ ಸಾರಾಯಿ ಅಂಗಡಿ ಮತ್ತು ಸೂಳೆಮನೆಯ ಯಜಮಾನ. ಮೊದಲ ಸೀಸನ್ನಿನಲ್ಲಿ ಖಳನಾಯಕ. ಮೂರನೆಯದಕ್ಕೆ ಬರುವಷ್ಟರಲ್ಲಿ ಊರಿಗೆ ಅವನೇ ಬೇಲಿ. ಈ ಪಾತ್ರಕ್ಕೆ ಮೆಕ್‌ಶೇನ್ ಅವರಿಗೆ 2005ರಲ್ಲಿ ಗೋಲ್ಡನ್ ಗ್ಲೋಬ್ ಬಂತು.

ಆಲ್ಮಾ ಗ್ಯಾರೆಟ್ (ಮಾಲಿ ಪಾರ್ಕರ್): ನ್ಯೂಯಾರ್ಕಿನ ಶ್ರೀಮಂತ ಮನೆಯ ಹೆಣ್ಣು. ಗಂಡ ಸತ್ತ ಮೇಲೆ ಚಿನ್ನದ ಗಣಿ ಅವಳ ಪಾಲಿಗೆ ಬರುತ್ತದೆ, ಜೊತೆಗೆ ಅದನ್ನು ಕಸಿಯಲು ನೋಡುವವರೂ. ನಂಬಿಕಸ್ಥ ಗಣಿಗಾರ ಎಲ್ಸ್‌ವರ್ತ್ (ಜಿಮ್ ಬೀವರ್) ಅವಳ ಬೆನ್ನಿಗೆ ನಿಲ್ಲುತ್ತಾನೆ.

ಡಾಕ್ಟರ್ ಕಾಕ್ರನ್ (ಬ್ರ್ಯಾಡ್ ಡೂರಿಫ್): ಅಂತರ್ಯುದ್ಧದ ಗಾಯಾಳುಗಳ ಕೂಗು ಇನ್ನೂ ಕಿವಿಯಲ್ಲಿರುವ ವೈದ್ಯ. ಊರಿನ ಎಲ್ಲರಿಗೂ ಅವನೊಬ್ಬನೇ.

ಕಲಾಮಿಟಿ ಜೇನ್ (ರಾಬಿನ್ ವೈಗರ್ಟ್): ಗಂಡಸಿನ ಉಡುಪು, ಬಾಯಿ ತುಂಬ ಬೈಗುಳ, ಕೈ ತುಂಬ ಸೀಸೆ. ಆದರೆ ಸಿಡುಬು ಬಂದಾಗ ರೋಗಿಗಳ ಪಕ್ಕ ಕೂತವಳು ಅವಳೇ.

ಟ್ರಿಕ್ಸಿ (ಪೌಲಾ ಮಾಲ್ಕಮ್‌ಸನ್): ಸ್ವೆರೆಂಜನ್ನನ ಸೂಳೆಮನೆಯಿಂದ ಹೊರಬಂದು ಅಂಗಡಿಯ ಲೆಕ್ಕ ಬರೆಯಲು ಕಲಿಯುವ ಹೆಣ್ಣು. ನನಗೆ ಕೇಳಿದರೆ ಇಡೀ ಕಥೆಯ ಬೆನ್ನೆಲುಬು ಇವಳೇ.

ಮಿಸ್ಟರ್ ವೂ (ಕೀಯೋನ್ ಯಂಗ್): ಊರಿನ ಚೀನೀ ಕೇರಿಯ ಮುಖಂಡ. ಅವನಿಗೆ ಬರುವ ಇಂಗ್ಲಿಷ್ ಎರಡು-ಮೂರು ಮಾತು, ಅದರಲ್ಲಿ ಒಂದು ಇಲ್ಲಿ ಬರೆಯುವಂಥದ್ದಲ್ಲ! ಸ್ವೆರೆಂಜನ್ ಎನ್ನಲು ಬಾರದೆ "ಸ್ವೆಜಿನ್" ಎನ್ನುತ್ತಾನೆ. ಉಳಿದದ್ದನ್ನೆಲ್ಲ ಕಾಗದದ ಮೇಲೆ ಚಿತ್ರ ಬರೆದು ಹೇಳುತ್ತಾನೆ. ಹೊಸದಾಗಿ ಈ ದೇಶಕ್ಕೆ ಬಂದು ಅಂಗಡಿಯಲ್ಲಿ ಕೈಸನ್ನೆ ಮಾಡಿ ಜೀರಿಗೆ ಹುಡುಕಿದ ನಮ್ಮ ಅಮ್ಮಂದಿರಿಗೆ ಅವನ ಕಷ್ಟ ಅರ್ಥವಾಗುತ್ತದೆ.

ಇವರಲ್ಲದೆ ಹೋಟೆಲ್ ಯಜಮಾನ ಫಾರ್ನಮ್ (ವಿಲಿಯಂ ಸ್ಯಾಂಡರ್ಸನ್), ಪತ್ರಿಕೆಯ ಮೆರಿಕ್ (ಜೆಫ್ರಿ ಜೋನ್ಸ್), ಎದುರು ಅಂಗಡಿಯ ಸೈ ಟಾಲಿವರ್ (ಪವರ್ಸ್ ಬೂತ್), ಹಿಕಾಕ್ (ಕೀತ್ ಕ್ಯಾರಡೀನ್), ಅವನ ಗೆಳೆಯ ಚಾರ್ಲಿ ಅಟ್ಟರ್ (ಡೇಟನ್ ಕ್ಯಾಲಿ), ಮತ್ತು ಹಣದ ದೈತ್ಯ ಜಾರ್ಜ್ ಹರ್ಸ್ಟ್ (ಜೆರಾಲ್ಡ್ ಮೆಕ್‌ರೇನಿ). ಒಂದು ತಮಾಷೆ ಗಮನಿಸಿ: ಗ್ಯಾರೆಟ್ ಡಿಲ್ಲಹಂಟ್ ಮೊದಲ ಸೀಸನ್ನಿನಲ್ಲಿ ಕೊಳಕು ಕುಡುಕ ಮೆಕಾಲ್, ಎರಡನೆಯದರಲ್ಲಿ ಅಚ್ಚುಕಟ್ಟಾದ ಕೋಟು ತೊಟ್ಟ ವಾಲ್ಕಾಟ್. ಒಬ್ಬನೇ ನಟ! ನಮ್ಮ ಕಂಪನಿ ನಾಟಕಗಳಲ್ಲಿ ಮೊದಲ ಅಂಕದಲ್ಲಿ ಸತ್ತವನು ಮೂರನೆಯ ಅಂಕದಲ್ಲಿ ಮಂತ್ರಿಯಾಗಿ ಬರುತ್ತಿದ್ದುದು ನೆನಪಾಯಿತು.

ಇಷ್ಟು ಜನರಲ್ಲಿ ನಾಯಕ ಯಾರು? ಯಾರೂ ಅಲ್ಲ, ಊರೇ ನಾಯಕ. ಟಿ. ಎನ್. ಸೀತಾರಾಂ ಅವರ "ಮಾಯಾಮೃಗ" ನೋಡಿದವರಿಗೆ, ಶಂಕರ್ ನಾಗ್ ಆಗುಂಬೆಯಲ್ಲಿ ಕಟ್ಟಿದ "ಮಾಲ್ಗುಡಿ ಡೇಸ್" ನೋಡಿದವರಿಗೆ ಈ ಬಗೆ ಹೊಸದಲ್ಲ. ಒಬ್ಬನ ಕಷ್ಟ ಇನ್ನೊಬ್ಬನ ಮನೆಯ ಬಾಗಿಲು ತಟ್ಟುತ್ತದೆ. ಅದೇ ಈ ಜಾತಿಯ ಕಥೆಗಳ ಯಂತ್ರ.

5. ಗಮನವಿಟ್ಟು ನೋಡಬೇಕಾದ ಮೂರು ದೃಶ್ಯಗಳು

ಒಂದು, ಮೊಟ್ಟಮೊದಲ ದೃಶ್ಯ. ಮೊಂಟಾನ, 1876ರ ಮೇ. ಕುದುರೆ ಕದ್ದವನೊಬ್ಬ ಬುಲಕ್‌ನ ಜೈಲಿನಲ್ಲಿದ್ದಾನೆ. ಬೆಳಿಗ್ಗೆ ಗಲ್ಲು. ಕುಡಿದ ಗುಂಪೊಂದು ಈಗಲೇ ಒಪ್ಪಿಸು ಎಂದು ಬರುತ್ತದೆ. ಬುಲಕ್ ಒಪ್ಪಿಸುವುದಿಲ್ಲ; ತಪ್ಪಿಸಿಕೊಳ್ಳಲೂ ಬಿಡುವುದಿಲ್ಲ. ಕಾನೂನಿನ ಹೆಸರಿನಲ್ಲಿ ತಾನೇ ಅಲ್ಲೇ ಬಾಗಿಲ ಮುಂದೆ ನೇಣು ಹಾಕುತ್ತಾನೆ. ಅದಕ್ಕೂ ಮೊದಲು ಅವನ ಕೊನೆಯ ಮಾತನ್ನು ಬರೆಸಿಕೊಳ್ಳುತ್ತಾನೆ. ಹೇಗಿದ್ದರೂ ಮನುಷ್ಯ ಸತ್ತ. ಹಾಗಾದರೆ ಗುಂಪು ಕೊಲ್ಲುವುದಕ್ಕೂ ಕಾನೂನು ಕೊಲ್ಲುವುದಕ್ಕೂ ಏನು ವ್ಯತ್ಯಾಸ? ಇಡೀ 36 ಕಂತುಗಳ ಬೀಜ ಇಲ್ಲೇ ಇದೆ.

ಎರಡು, ಐದನೆಯ ಕಂತು. ಮೆಕಾಲ್‌ನ ವಿಚಾರಣೆ ನಡೆಯುವುದು ಸ್ವೆರೆಂಜನ್ನನ ಸಾರಾಯಿ ಅಂಗಡಿಯಲ್ಲೇ. ನ್ಯಾಯಾಧೀಶನ ಕಿವಿಯಲ್ಲಿ ಅವನು ಹಾಕುವ ಮಾತಿನ ಸಾರ ಇಷ್ಟು: ನಾವು ಗಲ್ಲು ಶಿಕ್ಷೆ ಕೊಟ್ಟರೆ ನಾವೇ ಒಂದು ಸರ್ಕಾರ ಎಂದು ಹೇಳಿಕೊಂಡಂತೆ, ವಾಷಿಂಗ್ಟನ್ನಿನವರಿಗೆ ಸಿಟ್ಟು ಬರುತ್ತದೆ, ನಮ್ಮ ಗಣಿಗಳು ಹೋಗುತ್ತವೆ. ಊರು ಉಳಿಯಲು ಕೊಲೆಗಾರ ಬಿಡುಗಡೆಯಾಗಬೇಕು! ಇಲ್ಲಿ ಕೆಟ್ಟವನ ತರ್ಕ ಸರಿಯಾಗಿದೆ, ಒಳ್ಳೆಯವನ ಸಿಟ್ಟೂ ಸರಿಯಾಗಿದೆ. ಹಳೆಯ ವೆಸ್ಟರ್ನ್ ಇಂಥ ಇಕ್ಕಟ್ಟಿಗೆ ನಮ್ಮನ್ನು ಅಷ್ಟಾಗಿ ಸಿಕ್ಕಿಸುತ್ತಿರಲಿಲ್ಲ.

ಮೂರು, ಡಬ್ಬಿಯ ಪೀಚ್ ಹಣ್ಣು. ಊರಿಗೆ ಸಿಡುಬು ಬಂದಾಗ ಮುಖಂಡರೆಲ್ಲ ಸ್ವೆರೆಂಜನ್ನನ ಅಂಗಡಿಯಲ್ಲಿ ಮೇಜಿನ ಸುತ್ತ ಸೇರುತ್ತಾರೆ. ಅವನ ಆಳು ಎಲ್ಲಿಂದಲೋ ಪೀಚ್ ಹಣ್ಣಿನ ಡಬ್ಬಿ ತಂದು ಬಟ್ಟಲಲ್ಲಿ ಬಡಿಸುತ್ತಾನೆ. ಅಲ್ಲಿಂದ ಮುಂದೆ ಸಭೆ ಎಂದರೆ ಪೀಚ್ ಹಣ್ಣು. ಕೊನೆಗೆ ಊರಿಗೊಂದು ಪಂಚಾಯಿತಿ ಆಗುತ್ತದೆ, ಫಾರ್ನಮ್ ಮೇಯರ್ ಆಗುತ್ತಾನೆ. ಅದೂ ಜನಸೇವೆಗಾಗಿ ಅಲ್ಲ. ನಮ್ಮಲ್ಲೂ ವ್ಯವಸ್ಥೆ ಇದೆ ಎಂದು ಯ್ಯಾಂಕ್ಟನ್ ಅಧಿಕಾರಿಗಳಿಗೆ ತೋರಿಸಿದರೆ ನಮ್ಮ ಹಕ್ಕುಪತ್ರಗಳು ಉಳಿಯುತ್ತವೆ ಎಂಬ ಲೆಕ್ಕಾಚಾರ.

ಈ ದೃಶ್ಯ ನೋಡಿ ನಾನು ನಕ್ಕ ನಗು ಅಷ್ಟಿಷ್ಟಲ್ಲ. ನಮ್ಮ ಬಳಗ ಶುರುವಾದ ದಿನ ನೆನಪಿದೆಯೇ? ಯಾರದ್ದೋ ಮನೆಯ ಬೇಸ್‌ಮೆಂಟು, ಚಿತ್ರಾನ್ನ, ಹಪ್ಪಳ. ಅಧ್ಯಕ್ಷರಾಗುವುದು ಯಾರಿಗೂ ಬೇಡ. ಹಪ್ಪಳ ತರಲು ಒಳಗೆ ಹೋದವರನ್ನೇ ಅಧ್ಯಕ್ಷರನ್ನಾಗಿ ಆರಿಸಿಬಿಟ್ಟೆವು! ಮೊದಲು ಊಟ, ಆಮೇಲೆ ನಿಯಮಾವಳಿ. ಊರುಗಳೂ ಸಂಘಗಳೂ ಹೀಗೇ ಹುಟ್ಟುವುದು ಅನ್ನಿಸುತ್ತದೆ.

ಇವುಗಳ ಜೊತೆಗೆ ಮೊದಲ ಸೀಸನ್ನಿನ ಕೊನೆಯ ಕಂತನ್ನು ತಪ್ಪಿಸಬೇಡಿ. ಬುಲಕ್ ಕೊನೆಗೂ ಶೆರೀಫ್ ಬ್ಯಾಡ್ಜ್ ಧರಿಸುತ್ತಾನೆ. ಅದೇ ರಾತ್ರಿ ಕಾಲು ಎಳೆದು ನಡೆಯುವ ಕೆಲಸದಾಕೆ ಜುವೆಲ್ ತನಗಾಗಿ ಡಾಕ್ಟರ್ ಮಾಡಿಕೊಟ್ಟ ಹೊಸ ಪಟ್ಟಿ ಕಟ್ಟಿಕೊಂಡು, ಅದೇ ಡಾಕ್ಟರ್ ಜೊತೆ ಕುಣಿಯುತ್ತಾಳೆ. ಆ ಪಾತ್ರ ಮಾಡಿದ ಜೆರಿ ಜುವೆಲ್ ಅವರಿಗೆ ನಿಜವಾಗಿಯೂ ಸೆರೆಬ್ರಲ್ ಪಾಲ್ಸಿ ಇದೆ. ನನ್ನ ಕಣ್ಣು ಒದ್ದೆಯಾಯಿತು ಎಂದು ಒಪ್ಪಿಕೊಳ್ಳಲು ನಾಚಿಕೆಯಿಲ್ಲ.

6. ಇತಿಹಾಸ ಎಷ್ಟು, ಕಲ್ಪನೆ ಎಷ್ಟು?

ಬುಲಕ್, ಸ್ಟಾರ್, ಸ್ವೆರೆಂಜನ್, ಜೇನ್, ಅಟ್ಟರ್, ಹರ್ಸ್ಟ್ ಎಲ್ಲರೂ ನಿಜವಾಗಿ ಬದುಕಿದ್ದವರು. ಆಲ್ಮಾ, ಕಾಕ್ರನ್ ಮಿಲ್ಚ್ ಅವರ ಕಲ್ಪನೆ. ನಿಜವಾದ ಬುಲಕ್‌ನ ಹೆಂಡತಿ ಮಾರ್ಥಾ ಅವನು ಮೆಚ್ಚಿ ಮದುವೆಯಾದವಳು. ಧಾರಾವಾಹಿಯಲ್ಲಿ ಅವಳನ್ನು ಸತ್ತ ಅಣ್ಣನ ವಿಧವೆಯನ್ನಾಗಿ ಮಾಡಿದ್ದಾರೆ. ನಿಜವಾದ ಜೆಮ್ ಥಿಯೇಟರ್ ತೆರೆದದ್ದು 1877ರಲ್ಲಿ, ಕಥೆಯಲ್ಲಿ 1876ಕ್ಕೇ ಇದೆ. ಬೈಗುಳಗಳೂ ಆ ಕಾಲದವಲ್ಲ. ಅಂದಿನ ಬೈಗುಳ ದೇವರ ಹೆಸರು ಹಿಡಿದು ಬೈಯುವಂಥವು. ಇಂದಿನ ಕಿವಿಗೆ ಅವು ನಗು ತರಿಸುತ್ತವೆ ಎಂದು ಇಂದಿನ ಬೈಗುಳ ಹಾಕಿದರು. ವಾಕ್ಯಗಳು ಮಾತ್ರ ವಿಕ್ಟೋರಿಯ ರಾಣಿಯ ಕಾಲದ ಉದ್ದುದ್ದ ವಾಕ್ಯಗಳು. ಸಬ್‌ಟೈಟಲ್ ಹಾಕಿಕೊಂಡು ನೋಡಿ, ನಾಚಿಕೆಪಡಬೇಡಿ. ಇಲ್ಲಿಯೇ ಹುಟ್ಟಿದ ನನ್ನ ಮಗಳೂ ಹಾಕಿಕೊಂಡಳು.

7. ಕಾಣದೇ ಹೋದವರು

ಈಗ ಪಾಠದ ಕಷ್ಟದ ಭಾಗ. ಈ ಊರಿನ ನೆಲ ಯಾರದ್ದಾಗಿತ್ತೋ ಅವರು ಧಾರಾವಾಹಿಯಲ್ಲಿ ಎಲ್ಲಿದ್ದಾರೆ? ಹೆಚ್ಚುಕಡಿಮೆ ಎಲ್ಲೂ ಇಲ್ಲ. ಬುಲಕ್ ಜೊತೆ ಹೋರಾಡಿ ಸಾಯುವ ಒಬ್ಬ ಯೋಧ. ಇನ್ನೊಬ್ಬನದು ಕತ್ತರಿಸಿದ ತಲೆ. ಸ್ವೆರೆಂಜನ್ ಅದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಒಬ್ಬನೇ ಇದ್ದಾಗ ಅದರ ಜೊತೆ ತನ್ನ ಮನಸ್ಸಿನ ಮಾತಾಡುತ್ತಾನೆ. ತಲೆ ಉತ್ತರ ಕೊಡುವುದಿಲ್ಲ.

ಮಿಲ್ಚ್ ಬೇಕೆಂದೇ ಹೀಗೆ ಮಾಡಿದರೆಂದು ಹೇಳುವವರಿದ್ದಾರೆ. ಆ ಜನ ಕಣ್ಣೆದುರು ಇದ್ದವರನ್ನು ಕಾಣಲೇ ಇಲ್ಲ, ಅದನ್ನೇ ತೋರಿಸಿದ್ದಾರೆ ಎಂದು. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಎರಡು ಮಾತಿನ ಇಂಗ್ಲಿಷಿನ ವೂಗೆ ಇಷ್ಟು ಚೆಂದದ ಪಾತ್ರ ಬರೆಯಬಲ್ಲವರು ಲಕೋಟದವರೊಬ್ಬರಿಗೂ ಬರೆಯಬಹುದಿತ್ತು.

ಏಕೆಂದರೆ ಆ ಕಥೆ ಮುಗಿದಿಲ್ಲ. 1877ರಲ್ಲಿ ಅಮೆರಿಕ ಸಂಸತ್ತು ಬ್ಲ್ಯಾಕ್ ಹಿಲ್ಸನ್ನು ಕಿತ್ತುಕೊಂಡಿತು. ಮುಕ್ಕಾಲು ಪಾಲು ಸಹಿ ಬೇಕಿತ್ತಲ್ಲ, ಸಿಕ್ಕಿದ್ದು ಸುಮಾರು ಹತ್ತರಲ್ಲಿ ಒಬ್ಬರದು. ನೂರು ವರ್ಷ ದಾಟಿ 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಇದು ತಪ್ಪು, ಪರಿಹಾರ ಕೊಡಿ ಎಂದು ತೀರ್ಪು ಕೊಟ್ಟಿತು. ಬಡ್ಡಿ ಸೇರಿ 10 ಕೋಟಿ ಡಾಲರಿಗೂ ಹೆಚ್ಚು. ಲಕೋಟ ಜನ ಹಣ ಮುಟ್ಟಲಿಲ್ಲ. "ಬೆಟ್ಟ ಮಾರಾಟಕ್ಕಿಲ್ಲ" ಎಂಬುದು ಅವರ ನಿಲುವು. ಆ ಹಣ ಬೆಳೆದು ಬೆಳೆದು 100 ಕೋಟಿ ಡಾಲರ್ ದಾಟಿದೆ, ಅವರಲ್ಲಿ ಬಹಳ ಮಂದಿ ಕಡುಬಡತನದಲ್ಲಿದ್ದಾರೆ, ಆದರೂ ಮುಟ್ಟಿಲ್ಲ. ನಾವು ಫೋಟೋ ತೆಗೆಸಿಕೊಂಡ ರಶ್‌ಮೋರ್ ಬೆಟ್ಟಕ್ಕೆ ಅವರಿಟ್ಟ ಹೆಸರಿನ ಅರ್ಥ "ಆರು ಅಜ್ಜಂದಿರು". ಅಂದು ನನಗೆ ಇದೊಂದೂ ಗೊತ್ತಿರಲಿಲ್ಲ.

8. ನಮ್ಮ ಕೋಲಾರದ ಚಿನ್ನ

ಈ ಧಾರಾವಾಹಿ ಹೊಸದಾಗಿ ಬಂದ 2004ರಲ್ಲೇ ನಾನು ಎರಡು ಕಂತು ನೋಡಿ ಬಿಟ್ಟಿದ್ದೆ. ಆಗ ಊರಿನಿಂದ ಅಮ್ಮ ಬಂದಿದ್ದರು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಹಾಗಾಗಿ ಬೈಗುಳದ ಭಯವಿರಲಿಲ್ಲ! ಕೆಸರಿನ ಬೀದಿ, ಹಲಗೆಯ ಗುಡಿಸಲು, ಮಣ್ಣು ತೊಳೆಯುವ ಜನರನ್ನು ನೋಡಿ ಅಮ್ಮ ಅಂದರು: "ಏನೋ ಇದು, ನಿಮ್ಮಜ್ಜಿ ಹೇಳ್ತಿದ್ದ ಕೆಜಿಎಫ್ ಥರಾನೇ ಇದೆಯಲ್ಲೋ!"

ನಾನು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯವನು. ಅಪ್ಪ ಗಣಿಯ ಟೈಮ್ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ನೆಲದಡಿಯಲ್ಲಿ ಬಂಡೆ ಸಿಡಿದಾಗ ಅಡುಗೆಮನೆಯ ಗೂಡಿನಲ್ಲಿ ಪಾತ್ರೆಗಳು ನಡುಗುತ್ತಿದ್ದವು. ಅಮ್ಮ ಕೈಯಲ್ಲಿದ್ದ ಸೌಟು ಹಾಗೇ ಹಿಡಿದು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು, ಯಾರ ಮನೆಯ ಕಡೆ ಜನ ಓಡುತ್ತಾರೆ ಎಂದು ನೋಡಲು.

ಎರಡೂ ಊರುಗಳ ಕಾಲ ಎಷ್ಟು ಹತ್ತಿರ ನೋಡಿ. ಕಸ್ಟರ್ ಚಿನ್ನ ಕಂಡದ್ದು 1874ರಲ್ಲಿ. ಮೈಕೇಲ್ ಲವೆಲ್ ಎಂಬ ಐರಿಷ್ ಸೈನಿಕ ಕೋಲಾರದಲ್ಲಿ ಚಿನ್ನ ಹುಡುಕಲು ಮೈಸೂರು ಸರ್ಕಾರದಿಂದ ಪರವಾನಗಿ ಪಡೆದದ್ದು 1875ರಲ್ಲಿ. ಬೆಂಗಳೂರಿನ ಲವೆಲ್ ರಸ್ತೆ ಅವನದೇ ಹೆಸರಿನದು. ಹರ್ಸ್ಟ್ ಡೆಡ್‌ವುಡ್ ಹತ್ತಿರದ ಹೋಮ್‌ಸ್ಟೇಕ್ ಗಣಿ ಕೊಂಡದ್ದು 1877ರಲ್ಲಿ. ಜಾನ್ ಟೇಲರ್ ಕಂಪನಿ ಕೋಲಾರಕ್ಕೆ ಬಂದದ್ದು 1880ರಲ್ಲಿ. ನಮ್ಮ ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು; ಹೋಮ್‌ಸ್ಟೇಕ್ ಮುಚ್ಚಿದ್ದು 2002ರಲ್ಲಿ. ಅಷ್ಟೇ ಅಲ್ಲ, ಎರಡೂ ಗಣಿಗಳ ಆಳದಲ್ಲಿ ವಿಜ್ಞಾನಿಗಳು ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳನ್ನು ಹುಡುಕಿದರು. ಕೆಜಿಎಫ್‌ನಲ್ಲಿ ವಾಯುಮಂಡಲದ ನ್ಯೂಟ್ರಿನೊ ಸುಳಿವು ಸಿಕ್ಕಿದ್ದು 1965ರಲ್ಲಿ. ಹೋಮ್‌ಸ್ಟೇಕ್‌ನಲ್ಲಿ ಸೂರ್ಯನಿಂದ ಬರುವ ನ್ಯೂಟ್ರಿನೊ ಹಿಡಿದ ರೇ ಡೇವಿಸ್ ಅವರಿಗೆ 2002ರಲ್ಲಿ ನೊಬೆಲ್ ಬಂತು. ಚಿನ್ನಕ್ಕೆಂದು ತೋಡಿದ ಗುಂಡಿಯಲ್ಲಿ ಸೂರ್ಯನ ಸುದ್ದಿ ಸಿಕ್ಕಿತು!

ಈಗ ಕಾಲೇಜಿನಲ್ಲಿ ಇತಿಹಾಸ ಓದುತ್ತಿರುವ ಮಗಳು ಕಳೆದ ರಜೆಯಲ್ಲಿ ನನ್ನ ಜೊತೆ ಕೂತು 36 ಕಂತನ್ನೂ ಚಲನಚಿತ್ರವನ್ನೂ ನೋಡಿದಳು. ಚಲನಚಿತ್ರದ ಕಥೆ ನಡೆಯುವುದು 1889ರಲ್ಲಿ, ಸೌತ್ ಡಕೋಟ ರಾಜ್ಯವಾದ ಸಂಭ್ರಮದಲ್ಲಿ. ಹರ್ಸ್ಟ್ ಟೆಲಿಫೋನ್ ತಂತಿಗಾಗಿ ಚಾರ್ಲಿ ಅಟ್ಟರ್‌ನ ಜಮೀನು ಕೇಳುತ್ತಾನೆ. ಚಾರ್ಲಿ ಮಾರುವುದಿಲ್ಲ, ಪ್ರಾಣ ಕೊಡುತ್ತಾನೆ. ನನಗೆ ಗಂಟಲು ಕಟ್ಟಿತು. ಮಗಳು ಮಾತ್ರ ಮೆಲ್ಲಗೆ ಕೇಳಿದಳು:

"ಅಪ್ಪಾ, ಚಾರ್ಲಿಗೆ ಆ ಜಮೀನು ಯಾರು ಕೊಟ್ಟರು?"

ಅವಳು ಬಿಡಲಿಲ್ಲ. "ಕೆಜಿಎಫ್‌ನಲ್ಲಿ ಗಣಿ ಬರೋಕ್ಕೆ ಮುಂಚೆ ಆ ಜಾಗ ಯಾರದಿತ್ತು? ತಾತ ಹೇಳಿದ್ದರಾ?" ಎಂದಳು. ಚಿಕ್ಕವನಿದ್ದಾಗ ನಾನೂ ಅಪ್ಪನನ್ನು ಒಮ್ಮೆ ಕೇಳಿದ್ದೆ. ಅಪ್ಪ ಪತ್ರಿಕೆಯಿಂದ ತಲೆ ಎತ್ತದೆ ಹೇಳಿದ್ದರು: "ನಾವು ಬಂದಾಗ ಗಣಿ ಇತ್ತು ಕಣೋ." ಅಷ್ಟೇ. ನನಗೂ ಅದು ಸಾಕಾಗಿತ್ತು.

ಈಗ ನಾನಿರುವ ರಾಜ್ಯದ ಹೆಸರೇ ಡಕೋಟ ಭಾಷೆಯ ಮಾತು, "ಮ್ನಿ ಸೋಟ". ನಮ್ಮ ಮನೆಯಿರುವ ಈ ಭಾಗವನ್ನು ಡಕೋಟ ಜನ ಬಿಟ್ಟುಕೊಡಬೇಕಾಗಿ ಬಂದದ್ದು 1851ರ ಒಪ್ಪಂದಗಳಲ್ಲಿ ಎಂದು ಮಗಳು ತೋರಿಸಿದಳು. ಮನೆ ಕೊಂಡಾಗ ನಾನು ಟೈಟಲ್ ಪತ್ರಗಳನ್ನು ಸಾಲು ಸಾಲು ಓದಿ ಸಹಿ ಹಾಕಿದ್ದೆ. ಅದರಲ್ಲಿ ಇದಿರಲಿಲ್ಲ. ನಾನು ಕೇಳಿದ್ದರೆ ನನ್ನ ಉತ್ತರವೂ ಅಪ್ಪನದೇ ಆಗಿರುತ್ತಿತ್ತು: ನಾವು ಬಂದಾಗ ಊರು ಇತ್ತು.

ಮನೆ ಬಿಟ್ಟು ಹೋಗಬೇಕೆಂದು ನಾನು ಹೇಳುತ್ತಿಲ್ಲ. ಮಗಳೂ ಹಾಗೆ ಹೇಳಲಿಲ್ಲ. "ಗೊತ್ತಿರಲಿ ಅಪ್ಪಾ" ಎಂದಳು, ಅಷ್ಟೇ. ಮುಂದಿನ ಬೇಸಿಗೆಗೆ ನೆಂಟರು ಬಂದಾಗ ಮತ್ತೆ ಬ್ಲ್ಯಾಕ್ ಹಿಲ್ಸ್‌ಗೆ ಹೋಗುತ್ತೇವೆ. ಈ ಸಲ ಆರು ಅಜ್ಜಂದಿರ ಹೆಸರನ್ನು ನಾನೇ ಅವರಿಗೆ ಹೇಳುತ್ತೇನೆ.

9. ಮನೆಯಲ್ಲಿ ಚರ್ಚೆಗೆ ಪ್ರಶ್ನೆಗಳು

ಊಟದ ಮೇಜಿನಲ್ಲಿ ಕೇಳಿ ನೋಡಿ. ಉತ್ತರ ಕನ್ನಡದಲ್ಲಿರಲಿ, ತಪ್ಪಾದರೂ ಪರವಾಗಿಲ್ಲ.

ಅ) ಮೆಕಾಲ್‌ನನ್ನು ಎರಡನೆಯ ಸಲ ವಿಚಾರಣೆ ಮಾಡಿದ್ದು ನ್ಯಾಯವೇ? ಊರು ಅಕ್ರಮವಾದರೆ ಅಲ್ಲಿ ನಡೆದ ಕೊಲೆ ಕೊಲೆಯಲ್ಲವೇ?

ಆ) ಸ್ವೆರೆಂಜನ್ ಒಳ್ಳೆಯವನಾದನೇ, ಅಥವಾ ಅವನಿಗಿಂತ ಕೆಟ್ಟವನು ಬಂದದ್ದರಿಂದ ಒಳ್ಳೆಯವನಂತೆ ಕಂಡನೇ?

ಇ) ವೂ ಚಿತ್ರ ಬರೆದು ಮಾತಾಡಿದಂತೆ, ಭಾಷೆ ಬಾರದ ಕಡೆ ನಿಮ್ಮ ಮನೆಯ ಹಿರಿಯರು ಹೇಗೆ ಸಂಭಾಳಿಸಿದರು? ಅವರನ್ನೇ ಕೇಳಿ, ಬರೆದಿಡಿ.

ಈ) ಲಕೋಟ ಜನ ಪರಿಹಾರದ ಹಣ ತೆಗೆದುಕೊಳ್ಳದಿರುವುದು ಸರಿಯೇ? ಎರಡೂ ಪಕ್ಷ ವಹಿಸಿ ವಾದ ಮಾಡಿ.

ಉ) ನಿಮ್ಮ ಮನೆ ಇರುವ ಜಾಗದಲ್ಲಿ ಮೊದಲು ಯಾರಿದ್ದರು? ಊರಿನ ಗ್ರಂಥಾಲಯದಲ್ಲಿ ಹುಡುಕಿ. ಕರ್ನಾಟಕದ ನಿಮ್ಮ ಹಳ್ಳಿಯ ಬಗ್ಗೆಯೂ ಇದೇ ಪ್ರಶ್ನೆ.

ಮುಂದಿನ ಸಭೆಗೆ ಉತ್ತರಗಳನ್ನು ತನ್ನಿ. ಪೀಚ್ ಹಣ್ಣಿನ ಡಬ್ಬಿ ನಾನು ತರುತ್ತೇನೆ. ಅದನ್ನು ಬಡಿಸಲು ಎದ್ದವರೇ ಮುಂದಿನ ವರ್ಷದ ಅಧ್ಯಕ್ಷರು, ಎಚ್ಚರಿಕೆ!

ಸಿರಿಗನ್ನಡಂ ಗೆಲ್ಗೆ.

ಇತಿ ನಿಮ್ಮ ವಿಶ್ವಾಸಿ,
ಅಧ್ಯಯನ ಬಳಗದ ಒಬ್ಬ ಸದಸ್ಯ